ಯಂತ್ರದ ಬುದ್ಧಿಯನ್ನು ಹೊಲಕ್ಕಿಳಿಸುವ ಮೊದಲು ಪರೀಕ್ಷಿಸಿ



ಮಣ್ಣಿನ ತೇವ ನೋಡಿ, ಮಳೆ ಬಂದದ್ದನ್ನು ತಿಳಿದು, ತಾನಾಗಿಯೇ ಪಂಪು ಚಾಲೂ ಮಾಡುವ ಸಾಧನಗಳು ಈಗ ತೋಟಗಳಿಗೆ ಬರುತ್ತಿವೆ. ಸುತ್ತಲಿನ ಸ್ಥಿತಿಯನ್ನರಿತು ತೀರ್ಮಾನ ಮಾಡುವ ಕಂಪ್ಯೂಟರ್ ಇವುಗಳ ಒಳಗಿರುತ್ತದೆ. ಇದರಿಂದ ನೀರೂ ಉಳಿಯುತ್ತದೆ, ರಾತ್ರಿಯ ಓಡಾಟವೂ ತಪ್ಪುತ್ತದೆ. ಆದರೆ ಸಾಧನ ತಪ್ಪು ತಿಳಿದರೆ ನಷ್ಟ ನಿಮ್ಮದೇ.

ನಾನು ಕಂಡ ಒಂದು ಟೊಮೇಟೊ ತೋಟದಲ್ಲಿ ತೇವ ಅಳೆಯುವ ಕಡ್ಡಿಯ ತಂತಿಯನ್ನು ಇಲಿ ಕಡಿದಿತ್ತು. ಮಣ್ಣು ಒಣಗಿದೆಯೆಂದೇ ತಿಳಿದ ಸಾಧನ ರಾತ್ರಿಯೆಲ್ಲ ಪಂಪು ಓಡಿಸಿತು. ಬೆಳಿಗ್ಗೆ ಸಾಲುಗಳಲ್ಲಿ ನೀರು ನಿಂತಿತ್ತು. ತಂತಿ ಕಡಿದರೆ ಏನಾದೀತೆಂದು ಯಾರೂ ಮೊದಲೇ ಪರೀಕ್ಷಿಸಿರಲಿಲ್ಲ.

ಅಣಕು ಹೊಲದ ಪರೀಕ್ಷೆ

ಇಂಥ ಪರೀಕ್ಷೆಗೆ ಬೆಳೆಯನ್ನು ಬಲಿಕೊಡಬೇಕಿಲ್ಲ. ಕಂಪ್ಯೂಟರಿನಲ್ಲಿ ಒಂದು ಅಣಕು ಹೊಲ ರಚಿಸಿ, ಮಣ್ಣಿನ ಗುಣ, ಬೆಳೆ, ಹಿಂದಿನ ವರ್ಷಗಳ ದಿನವಹಿ ಮಳೆ ಮತ್ತು ಉಷ್ಣಾಂಶದ ಲೆಕ್ಕ ಕೊಡುತ್ತಾರೆ. ಬೇಕೆಂದೇ ಕರೆಂಟು ತೆಗೆಯುತ್ತಾರೆ, ತಂತಿ ಕಡಿದಂತೆ ತೋರಿಸುತ್ತಾರೆ. ಹಲವು ವರ್ಷಗಳ ಹಂಗಾಮುಗಳನ್ನು ಹೀಗೆ ಸ್ವಲ್ಪ ಹೊತ್ತಿನಲ್ಲೇ ನೋಡಬಹುದು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2009ರಲ್ಲಿ ಹೊರತಂದ ಅಕ್ವಾಕ್ರಾಪ್ ಎಂಬ ಕಾರ್ಯಕ್ರಮವು ಕೊಟ್ಟ ನೀರಿಗೆ ಎಷ್ಟು ಇಳುವರಿ ಬಂದೀತೆಂದು ಹೀಗೆಯೇ ಲೆಕ್ಕ ಹಾಕುತ್ತದೆ.

ಕಾಗದದ ಮೇಲೆ ನೀವೂ ಮಾಡಿ

ಬೇರಿನ ಆಳದಲ್ಲಿ ಬೆಳೆಗೆ ಸಿಗುವ ನೀರು 60 ಮಿ.ಮೀ., ದಿನದ ಖರ್ಚು 5 ಮಿ.ಮೀ. ಎಂದಿಟ್ಟುಕೊಳ್ಳಿ. ಅರ್ಧ ಮುಗಿದಾಗ 30 ಮಿ.ಮೀ. ನೀರು ಕೊಡುವುದು ನಿಯಮ. ಮಳೆಯಿಲ್ಲದಿದ್ದರೆ 6ನೇ ದಿನ ಸಂಜೆ ಪಂಪು ಓಡಬೇಕು. 4ನೇ ದಿನ ಸಂಜೆ 15 ಮಿ.ಮೀ. ಮಳೆ ಬಿದ್ದರೆ 9ನೇ ದಿನದವರೆಗೆ ಕಾಯಬಹುದು. ಮಳೆಯನ್ನು ಗಮನಿಸದ ಸಾಧನ 6ನೇ ದಿನವೇ ನೀರು ಹಾಯಿಸಿದರೆ 15 ಮಿ.ಮೀ. ಬೇರಿಗೆ ದಕ್ಕದೆ ಇಳಿದುಹೋಗುತ್ತದೆ. ಎಕರೆಗೆ 1 ಮಿ.ಮೀ. ಎಂದರೆ ಸುಮಾರು 4,000 ಲೀಟರು. ಅಂದರೆ 60,000 ಲೀಟರು ಪೋಲು!

ಕೊಳ್ಳುವ ಮೊದಲು ಕೇಳಿ

1. ತಂತಿ ಕಡಿದರೆ ಪಂಪು ನಿಲ್ಲುವುದೇ?
2. ಕೊಳವೆ ಬಾವಿಯಲ್ಲಿ ನೀರು ಇಳಿದರೆ ಮೋಟಾರು ನಿಲ್ಲುವುದೇ?
3. ನಡುವೆ ಕರೆಂಟು ಹೋಗಿ ಬಂದರೆ ಉಳಿದಷ್ಟೇ ಹೊತ್ತು ಓಡುವುದೇ, ಮೊದಲಿನಿಂದ ಓಡುವುದೇ?
4. ಮೊಬೈಲ್ ಸಿಗ್ನಲ್ ಇಲ್ಲದಿದ್ದರೆ ಏನಾಗುತ್ತದೆ?
5. ಇಷ್ಟು ಗಂಟೆಗಿಂತ ಹೆಚ್ಚು ಓಡಬಾರದೆಂಬ ಮಿತಿ ಇದೆಯೇ?

ಅಳವಡಿಸಿದ ದಿನವೇ ಮಾರಾಟಗಾರರ ಎದುರು ಪರೀಕ್ಷೆ ಮಾಡಿಸಿ. ಕಡ್ಡಿಯನ್ನು ಒಣ ಮಣ್ಣಿನಲ್ಲಿಟ್ಟರೆ ಪಂಪು ಓಡಬೇಕು, ಒದ್ದೆ ಮಣ್ಣಿನಲ್ಲಿಟ್ಟರೆ ನಿಲ್ಲಬೇಕು. ಸ್ಟಾರ್ಟರ್ ಪೆಟ್ಟಿಗೆಗೆ ಮಾತ್ರ ನೀವು ಕೈಹಾಕಬೇಡಿ.

ಅಣಕು ಹೊಲದಲ್ಲಿ ಗೆದ್ದ ಸಾಧನವೂ ನಿಮ್ಮ ಮಣ್ಣಿಗೆ ಹೊಸದೇ. ಆದ್ದರಿಂದ ಮೊದಲ ಹಂಗಾಮಿನಲ್ಲಿ ಕಾಲು ಎಕರೆಗೆ ಮಾತ್ರ ಬಳಸಿ, ದಿನವೂ ಒಂದು ಹಿಡಿ ಮಣ್ಣು ಹಿಸುಕಿ ನೋಡಿ. ಸಾಧನದ ಮಾತೂ ನಿಮ್ಮ ಕೈಯ ಮಾತೂ ಒಂದಾದ ಮೇಲೆ ಉಳಿದ ಹೊಲವನ್ನು ಅದಕ್ಕೆ ಒಪ್ಪಿಸಬಹುದು.