ಹಳೆ ಮಾರುತಿಗೆ ಹೊಸ ಸ್ಪ್ರಿಂಗು, ಹೊಸ ಶಾಕು

ಮಾರುತಿ 800ರ ತಯಾರಿಕೆ 2014ರ ಜನವರಿಗೇ ನಿಂತಿತು. ಆದರೂ ಆ ಪುಟ್ಟ ಕಾರುಗಳು ನಮ್ಮ ಊರುಗಳಲ್ಲಿ ಇನ್ನೂ ಓಡಾಡುತ್ತಿವೆ. ಎಷ್ಟೋ ಕಾರುಗಳ ಎಂಜಿನ್ ಇವತ್ತಿಗೂ ಗಟ್ಟಿ. ಸೋತಿರುವುದು ಸಾಮಾನ್ಯವಾಗಿ ಕೆಳಗಿನ ಭಾಗ. ಹಂಪ್ ಹತ್ತಿಳಿದ ಮೇಲೂ ಮೂತಿ ತೂಗಾಡುತ್ತದೆ, ಬ್ರೇಕ್ ಒತ್ತಿದರೆ ಮುಗ್ಗರಿಸುತ್ತದೆ, ಗುಂಡಿಗಿಳಿದರೆ ಕಟಕಟ ಸದ್ದು. ‘ಸಸ್ಪೆನ್ಷನ್ ಹೋಗಿದೆ’ ಎಂದು ನಾವು ಒಂದೇ ಮಾತಲ್ಲಿ ಹೇಳಿಬಿಡುತ್ತೇವೆ. ಒಳ್ಳೆಯ ಮೆಕ್ಯಾನಿಕ್ ಅಷ್ಟಕ್ಕೆ ಒಪ್ಪುವುದಿಲ್ಲ.

ಸ್ಪ್ರಿಂಗಿನ ಕೆಲಸ ಬೇರೆ, ಶಾಕ್ ಅಬ್ಸಾರ್ಬರಿನದು ಬೇರೆ. ಕಾರಿನ ಭಾರ ಹೊರುವುದು ಸ್ಪ್ರಿಂಗ್. ಅದು ಕುಗ್ಗಿದರೆ ಹಿಗ್ಗುತ್ತದೆ, ಅದರ ಪಾಡಿಗೆ ಬಿಟ್ಟರೆ ಕುಣಿಯುತ್ತಲೇ ಇರುತ್ತದೆ. ಆ ಕುಣಿತ ನಿಲ್ಲಿಸುವುದು ಶಾಕ್. ಒಳಗಿನ ಪಿಸ್ಟನ್ನು ಸಣ್ಣ ಕಿಂಡಿಗಳ ಮೂಲಕ ಎಣ್ಣೆಯನ್ನು ತಳ್ಳುವಾಗ ಕುಣಿತದ ಶಕ್ತಿಯೆಲ್ಲ ಬಿಸಿಯಾಗಿ ಹೊರಟುಹೋಗುತ್ತದೆ. ಹೀಗಾಗಿ ಪರೀಕ್ಷೆಯೂ ಎರಡು ಬಗೆ. ಕಾರನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಟೇಪ್ ಹಿಡಿದು ಎಡಬಲ ಅಳೆದರೆ ಯಾವ ಸ್ಪ್ರಿಂಗ್ ಕುಸಿದಿದೆ ಎಂಬುದು ತಿಳಿಯುತ್ತದೆ. ಶಾಕಿನ ಮೈಮೇಲೆ ಎಣ್ಣೆ, ಧೂಳು ಕಲಸಿ ಕರಿದಾಗಿ ಮೆತ್ತಿಕೊಂಡಿದ್ದರೆ ಸೀಲ್ ಹೋಗಿದೆ. ಟೈರನ್ನು ಅಂಗೈಯಲ್ಲಿ ಸವರಿದಾಗ ಅಲ್ಲಲ್ಲಿ ತಗ್ಗು ಸಿಕ್ಕರೆ ಅದೂ ಸುಳಿವೇ. ಎರಡೂ ಸರಿಯಿದ್ದು ಸದ್ದು ಮಾತ್ರ ಬರುತ್ತಿದ್ದರೆ ಬುಷ್, ಬಾಲ್ ಜಾಯಿಂಟ್, ಸ್ಟ್ರಟ್ ಮೌಂಟ್ ನೋಡಬೇಕು. ಗಿರಾಕಿಯ ದುಡ್ಡು ಉಳಿಯುವುದು ಈ ಹೊತ್ತಿನ ತಾಳ್ಮೆಯಿಂದ.

ಮುಂದಿನ ಚಕ್ರಗಳಿಗೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ, 1950ರ ಸುಮಾರಿಗೆ ಫೋರ್ಡ್ ಕಾರುಗಳಲ್ಲಿ ಬಳಕೆಗೆ ಬಂದ ಏರ್ಪಾಡು. ಶಾಕಿನ ಸುತ್ತಲೇ ಸ್ಪ್ರಿಂಗ್ ಇರುವುದರಿಂದ ಜಾಗ ಉಳಿಯುತ್ತದೆ, ಬಿಚ್ಚುವವನಿಗೆ ಮಾತ್ರ ಅಪಾಯ ಜಾಸ್ತಿ. ಕಾರನ್ನು ಬರೀ ಜಾಕಿಯ ಮೇಲೆ ಬಿಡದೆ ಸ್ಟ್ಯಾಂಡ್ ಕೊಟ್ಟು, ಬ್ರೇಕ್ ಹೋಸ್ ಬಿಡಿಸಿ, ಕೆಳಗೆ ಚಕ್ರವನ್ನು ಹಿಡಿದಿರುವ ನಕಲ್‌ನ ಎರಡು ಬೋಲ್ಟು, ಮೇಲೆ ಬಾನೆಟ್ ಒಳಗಿನ ನಟ್ಟುಗಳನ್ನು ತೆಗೆದರೆ ಇಡೀ ಸ್ಟ್ರಟ್ ಕೈಗೆ ಬರುತ್ತದೆ. ನಡುವಿನ ನಟ್ಟನ್ನು ಮಾತ್ರ ಆಗ ಮುಟ್ಟಬಾರದು. ಕುಗ್ಗಿ ಕುಳಿತ ಸ್ಪ್ರಿಂಗನ್ನು ತಡೆದಿರುವುದು ಅದೊಂದೇ.

ಇಲ್ಲಿಂದ ಮುಂದಿನ ಕೈಚಳಕವನ್ನು ನಿಂತು ನೋಡಬೇಕು. ಸ್ಪ್ರಿಂಗ್ ಕುಗ್ಗಿಸುವ ಎರಡು ಕಂಪ್ರೆಸರುಗಳನ್ನು ಅದಕ್ಕೆ ಎದುರುಬದುರಾಗಿ ಕೊಕ್ಕೆ ಹಾಕಿ, ಈ ಕಡೆ ಒಂದೆರಡು ಸುತ್ತು, ಆ ಕಡೆ ಒಂದೆರಡು ಸುತ್ತು, ಮತ್ತೆ ಈ ಕಡೆ. ಒಂದು ಬದಿ ಹೆಚ್ಚಾದರೆ ಸ್ಪ್ರಿಂಗ್ ಬಿಲ್ಲಿನಂತೆ ಬಾಗಿ ಕೊಕ್ಕೆ ಜಾರುತ್ತದೆ. ಜಾರಿದರೆ ಮೂಳೆ ಮುರಿಯುವಷ್ಟು ಬಲ ಅದರಲ್ಲಿದೆ. ಪಳಗಿದವನು ಸ್ಪ್ರಿಂಗಿನ ನೇರಕ್ಕೆ ಮುಖ ತರುವುದೇ ಇಲ್ಲ. ಮೇಲಿನ ಬಟ್ಟಲಿನಿಂದ ಬಿಡಿಸಿಕೊಂಡು ಸ್ಪ್ರಿಂಗ್ ಸಡಿಲವಾಗಿ ಅಲುಗಿದ ಮೇಲಷ್ಟೇ ನಡುವಿನ ನಟ್ಟಿಗೆ ಪಾನಾ ಹಾಕುತ್ತಾನೆ. ಜೋಡಿಸುವಾಗ ಹೊಸ ಶಾಕಿನ ಹೊಳೆಯುವ ರಾಡು ತಿರುಗಬಾರದೆಂದು ಇಕ್ಕಳದಲ್ಲಿ ಹಿಡಿಯುವವರಿದ್ದಾರೆ. ಹಿಡಿಯಲೇಬಾರದು, ಕ್ರೋಮಿನ ಮೇಲೆ ಬಿದ್ದ ಒಂದು ಗೀರು ಸಾಕು, ಮೇಲೆ ಕೆಳಗೆ ಆಡುತ್ತ ಹೊಸ ಸೀಲನ್ನು ಕೊಯ್ದುಹಾಕುತ್ತದೆ.

ಜೋಡಿಸುವುದಕ್ಕೂ ಮೊದಲು ಮೆಕ್ಯಾನಿಕ್ ಹೊಸ ಶಾಕನ್ನು ನೆಟ್ಟಗೆ ನಿಲ್ಲಿಸಿ ನಾಲ್ಕಾರು ಸಲ ಪೂರ್ತಿ ಎಳೆದು ಒತ್ತುತ್ತಾನೆ. ಪೆಟ್ಟಿಗೆಯಲ್ಲಿ ಮಲಗಿ ಬರುವಾಗ ಎಣ್ಣೆಯೊಳಗೆ ಸೇರಿದ ಗಾಳಿ ಮೇಲೇರಿ, ಎಳೆತ ಒಂದೇ ಸಮನಾಗುತ್ತದೆ. ಸ್ಪ್ರಿಂಗಿನ ತುದಿ ಕೆಳಗಿನ ಬಟ್ಟಲಿನ ಮೆಟ್ಟಿಲಿಗೆ ತಾಗಿ ಕೂರಬೇಕು. ಬಂಪ್ ಸ್ಟಾಪ್, ಧೂಳು ತಡೆಯುವ ಬೂಟು ಹರಿದಿದ್ದರೆ ಈಗಲೇ ಬದಲಿಸುವುದು ಜಾಣತನ. ಒಂದೇ ಕಡೆ ಹೊಸದು ಹಾಕುವುದು ಉಳಿತಾಯವಲ್ಲ, ಕಾರು ಎರಡೂ ಬದಿಗೆ ಒಂದೇ ರೀತಿ ಕೂರುವುದಿಲ್ಲ.

ನನಗೆ ತುಂಬ ಮೆಚ್ಚಿಗೆಯಾಗುವುದು ರಬ್ಬರ್ ಬುಷ್‌ಗಳನ್ನೂ ಬದಲಿಸಬೇಕಾದಾಗ ಆತ ತೋರುವ ಎಚ್ಚರ. ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗ ಬುಷ್‌ನ ಬೋಲ್ಟು ಬಿಗಿದರೆ, ಕಾರು ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಳ್ಳುತ್ತದೆ. ಸದಾ ತಿರುಚಿಕೊಂಡೇ ಇದ್ದು ಬೇಗ ಸೀಳುತ್ತದೆ. ಅದಕ್ಕೇ ಅವನ್ನು ಅರೆಬಿಗಿಯಲ್ಲಿ ಬಿಟ್ಟು, ಕಾರನ್ನು ನೆಲಕ್ಕಿಳಿಸಿ, ಮೂತಿಯನ್ನು ಒಂದೆರಡು ಸಲ ಒತ್ತಿ ಕೂರಿಸಿ, ಭಾರ ಚಕ್ರದ ಮೇಲಿರುವಾಗಲೇ ಕೆಳಗೆ ಕೈಹಾಕಿ ಪೂರ್ತಿ ಬಿಗಿಯುತ್ತಾನೆ. ನಂತರ ಅಲೈನ್‌ಮೆಂಟ್. ನಕಲ್‌ನ ಬೋಲ್ಟು ಬಿಚ್ಚಿದ್ದರಿಂದ ಚಕ್ರದ ಓರೆ ಬದಲಾಗಿರುತ್ತದೆ. ಹಾಗೇ ಓಡಿಸಿದರೆ ಟೈರು ಒಂದೇ ಅಂಚಿನಲ್ಲಿ ಸವೆಯುತ್ತದೆ.