ನಮ್ಮ ಈಜು, ನಮ್ಮ ತಪ್ಪು ಲೆಕ್ಕ

ಮಧುಗಿರಿ ಶೈಕ್ಷಣಿಕ ಜಿಲ್ಲೆ ಅಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಇಲ್ಲಿ ಶಾಲಾ ಕ್ರೀಡಾಕೂಟ ಅಂದರೆ ಕಬಡ್ಡಿ, ಖೊ ಖೊ, ವಾಲಿಬಾಲ್, ಓಟ. ಈಜಿನ ಮಾತು ಬರುವುದು ಎರಡೇ ಸಂದರ್ಭದಲ್ಲಿ. ಒಂದು, ಟಿ.ವಿ.ಯಲ್ಲಿ ಒಲಿಂಪಿಕ್ಸ್ ಬಂದಾಗ. ಇನ್ನೊಂದು, ಯಾವುದೋ ಊರಿನ ಮಗು ಕೆರೆ ಪಾಲಾಯಿತೆಂದು ಸುದ್ದಿ ಬಂದಾಗ. ಎರಡೂ ಸಲ ಆಡುವ ಮಾತುಗಳಲ್ಲಿ ತಪ್ಪು ತುಂಬಾ ಇದೆ.

"ಈಜಿನಲ್ಲಿ ಭಾರತ ಗೆದ್ದದ್ದೇ ಇಲ್ಲ"

1951ರಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಗೇಮ್ಸ್ ನಡೆದಾಗ ಭಾರತಕ್ಕೆ ಮೊಟ್ಟಮೊದಲ ಚಿನ್ನ ಬಂದದ್ದೇ ಈಜುಕೊಳದಿಂದ. ಸಚಿನ್ ನಾಗ್ 100 ಮೀಟರ್ ಫ್ರೀಸ್ಟೈಲನ್ನು 1 ನಿಮಿಷ 4.7 ಸೆಕೆಂಡಿನಲ್ಲಿ ಮುಗಿಸಿದರು. ಅದೇ ಕೂಟದಲ್ಲಿ ಕೆ.ಪಿ. ಠಕ್ಕರ್ ಡೈವಿಂಗ್‌ನಲ್ಲಿ ಎರಡು ಚಿನ್ನ ಗೆದ್ದರು, ವಾಟರ್ ಪೋಲೊ ತಂಡವೂ ಚಿನ್ನ ಗೆದ್ದಿತು. ಆಮೇಲಿನದು ಬರಗಾಲವೇ, ಒಪ್ಪಬೇಕು. 1986ರ ಸೋಲ್ ಏಷ್ಯನ್ ಗೇಮ್ಸ್‌ನಲ್ಲಿ ಖಜಾನ್ ಸಿಂಗ್‌ಗೆ ಬಟರ್‌ಫ್ಲೈನಲ್ಲಿ ಬೆಳ್ಳಿ, 2010ರಲ್ಲಿ ವೀರಧವಳ್ ಖಾಡೆಗೆ ಕಂಚು, 2014ರಲ್ಲಿ ಸಂದೀಪ್ ಸೆಜ್ವಾಲ್‌ಗೆ ಕಂಚು. 2018ರ ಜಕಾರ್ತದಲ್ಲಿ ಖಾಡೆ 50 ಮೀಟರ್ ಫ್ರೀಸ್ಟೈಲನ್ನು 22.47 ಸೆಕೆಂಡಿನಲ್ಲಿ ಮುಟ್ಟಿದರು. ಕಂಚು ಗೆದ್ದವನ ಸಮಯ 22.46. ಸೆಕೆಂಡಿನ ನೂರರಲ್ಲಿ ಒಂದು ಪಾಲು! ಪದಕಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ, ಹಾಗಾಗಿ ನಮ್ಮ ನೆನಪಿನಲ್ಲೂ ಇಲ್ಲ. 2025ರಲ್ಲಿ ಅಹಮದಾಬಾದಿನಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಬೆಂಗಳೂರಿನ ಶ್ರೀಹರಿ ನಟರಾಜ್ 200 ಮೀಟರ್ ಫ್ರೀಸ್ಟೈಲ್ ಬೆಳ್ಳಿ ಗೆದ್ದರು. ಎಷ್ಟು ಮನೆಗಳಲ್ಲಿ ಆ ಮಾತು ಬಂತು?

"27ನೇ ಸ್ಥಾನ ಬಂದವನದು ಎಂಥ ಸಾಧನೆ?"

ಈ ಮಾತು ನನಗೆ ನಿಜಕ್ಕೂ ನೋವು ಕೊಡುತ್ತದೆ. ಈಜಿನಲ್ಲಿ ಒಲಿಂಪಿಕ್ಸ್‌ಗೆ ನೇರ ದಾರಿ ಅಂದರೆ 'ಎ' ಮಟ್ಟದ ಸಮಯ. ಟೋಕಿಯೊ ಒಲಿಂಪಿಕ್ಸ್ ನಡೆದ 2021ರವರೆಗೆ ಒಬ್ಬ ಭಾರತೀಯನೂ ಅದನ್ನು ಮುಟ್ಟಿರಲಿಲ್ಲ. 2021ರ ಜೂನ್‌ನಲ್ಲಿ ರೋಮ್‌ನಲ್ಲಿ ಕೇರಳದ ಸಜನ್ ಪ್ರಕಾಶ್ ಮೊದಲು ಮುಟ್ಟಿದರು, ಹಿಂದೆಯೇ ಶ್ರೀಹರಿ. 100 ಮೀಟರ್ ಬ್ಯಾಕ್‌ಸ್ಟ್ರೋಕ್‌ಗೆ ಬೇಕಿದ್ದದ್ದು 53.85 ಸೆಕೆಂಡು, ಶ್ರೀಹರಿ ಈಜಿದ್ದು 53.77. ಟೋಕಿಯೊದಲ್ಲಿ ಅವರು 54.31 ಸೆಕೆಂಡು ತೆಗೆದುಕೊಂಡು 27ನೇ ಸ್ಥಾನಕ್ಕೆ ಇಳಿದರು, ಸೆಮಿಫೈನಲ್‌ನ ಹದಿನಾರರೊಳಗೆ ಬರಲಿಲ್ಲ. ರೋಮ್‌ಗೂ ಟೋಕಿಯೊಗೂ ನಡುವಿನ ಅಂತರ ಅರ್ಧ ಸೆಕೆಂಡು ಚಿಲ್ಲರೆ. ಪ್ಯಾರಿಸ್‌ನಲ್ಲಿ ಬೆಂಗಳೂರಿನ ಧಿನಿಧಿ ದೇಸಿಂಘು ಇಳಿದಾಗ ವಯಸ್ಸು 14. ನಮ್ಮಲ್ಲಿ ಅದು ಒಂಬತ್ತನೇ ತರಗತಿಯ ಹುಡುಗಿ.

"ಬಾವಿಯಲ್ಲಿ ಈಜಿದವನೇ ಅಸಲಿ ಈಜುಗಾರ"

ನಾನು ಈಜು ಕಲಿತದ್ದು ಕೊರಟಗೆರೆ ಕಡೆಯ ಅಜ್ಜಿ ಮನೆಯ ತೋಟದ ಬಾವಿಯಲ್ಲಿ. ಬೆನ್ನಿಗೆ ಒಣಗಿದ ಸೋರೆಬುರುಡೆ, ಸೊಂಟಕ್ಕೆ ಹಗ್ಗ. ಮಾವ ಪಾಚಿ ಕಟ್ಟಿದ ಕಲ್ಲುಮೆಟ್ಟಿಲ ಮೇಲೆ ಕೂತು ಹಗ್ಗ ಹಿಡಿದಿರುತ್ತಿದ್ದರು. ಮೂರನೇ ದಿನ ನಡುಬಾವಿಯಲ್ಲಿ ತಿರುಗಿ ನೋಡಿದರೆ ಹಗ್ಗದ ತುದಿ ನನ್ನ ಹಿಂದೆಯೇ ತೇಲುತ್ತಿತ್ತು. ಅವರು ಯಾವಾಗಲೋ ಕೈ ಬಿಟ್ಟಿದ್ದರು. ಆಳದ ಭಯ ಅವತ್ತು ಹೋಯಿತು. ಇಂಥ ಧೈರ್ಯ ದೊಡ್ಡದೇ. ಸಚಿನ್ ನಾಗ್ ಕೂಡ ಕಾಶಿಯ ಗಂಗೆಯಲ್ಲಿ ಈಜು ಕಲಿತವರು.

ಆದರೆ ಬಾವಿಯ ಈಜಿನಲ್ಲಿ ತಲೆ ಸದಾ ನೀರಿನ ಮೇಲೆ. ತಲೆ ಎದ್ದರೆ ಸೊಂಟ ಇಳಿಯುತ್ತದೆ, ಕಾಲು ಮುಳುಗುತ್ತದೆ, ನೀರು ಎದೆಗೆ ಅಡ್ಡ ನಿಲ್ಲುತ್ತದೆ. ಸ್ಪರ್ಧೆಯವರು ಮುಖ ನೀರಿನೊಳಗಿಟ್ಟು ಅಲ್ಲೇ ಉಸಿರು ಬಿಡುತ್ತಾರೆ. 50 ಮೀಟರ್ ಕೊಳದ ಗೋಡೆಗೆ ಕಾಲು ಒದ್ದು ತಿರುಗುತ್ತಾರೆ. ತಿರುಗಿದ ಮೇಲೆ 15 ಮೀಟರ್‌ವರೆಗೆ ನೀರಿನಡಿಯಲ್ಲೇ ಹೋಗಲು ನಿಯಮ ಬಿಡುತ್ತದೆ. ಮೂವತ್ತಡಿ ಬಾವಿಯಲ್ಲಿ ಇದನ್ನು ಕಲಿಯಲು ಜಾಗವೆಲ್ಲಿ? ನಮ್ಮ ಹುಡುಗರಲ್ಲಿ ಕಸುವಿಗೆ ಕೊರತೆಯಿಲ್ಲ, ಕೊಳ ಮತ್ತು ತರಬೇತುದಾರರದ್ದೇ ಕೊರತೆ. ನಿಹಾರ್ ಅಮೀನ್, ಎಸ್. ಪ್ರದೀಪ್ ಕುಮಾರ್ ಅವರಂಥ ದ್ರೋಣಾಚಾರ್ಯ ಪ್ರಶಸ್ತಿ ಪಡೆದ ಗುರುಗಳು ಈಜು ಕಲಿಸಿದ್ದು ಬೆಂಗಳೂರಿನಲ್ಲಿ.

"ಎತ್ತರದಿಂದ ಡೈ ಹೊಡೆದರೆ ಅದೇ ಡೈವಿಂಗ್"

ಅಲ್ಲ. ಹತ್ತು ಮೀಟರ್ ಎತ್ತರದಿಂದ ಬೀಳುವ ದೇಹ ನೀರಿಗೆ ತಾಗುವಾಗ ಗಂಟೆಗೆ ಸುಮಾರು 50 ಕಿ.ಮೀ. ವೇಗದಲ್ಲಿರುತ್ತದೆ. ಅದಕ್ಕೆ ಸುಮಾರು ಐದು ಮೀಟರ್ ಆಳದ ಕೊಳ ಬೇಕು. ತೀರ್ಪುಗಾರರು ನೀರು ಎಷ್ಟು ಕಡಿಮೆ ಸಿಡಿಯಿತು ಎಂದು ನೋಡುತ್ತಾರೆ, ನಾವು ಎಷ್ಟು ಜೋರಾಗಿ ಸಿಡಿಯಿತು ಎಂದು ಹಿಗ್ಗುತ್ತೇವೆ. ಆಳ ಗೊತ್ತಿಲ್ಲದ ಕೆರೆಗೆ ತಲೆ ಮುಂದಾಗಿ ಹಾರಿದರೆ ಕತ್ತಿನ ಮೂಳೆ ಮುರಿದು ಜೀವನಪೂರ್ತಿ ಹಾಸಿಗೆ ಹಿಡಿಯಬೇಕಾಗಬಹುದು.

"ನೀರೇ ಇಲ್ಲದ ಸೀಮೆಗೆ ಈಜು ಯಾಕೆ?"

ನೀರಿಲ್ಲದ ಸೀಮೆಗೇ ಹೆಚ್ಚು ಬೇಕು. ಬೋರ್‌ವೆಲ್ ಬಂದು ತೆರೆದ ಬಾವಿಗಳು ಬತ್ತಿದವು, ಅವುಗಳ ಜೊತೆ ಹಗ್ಗ ಹಿಡಿದು ಕಲಿಸುವವರೂ ಹೋದರು. ಪಾವಗಡ ತಾಲ್ಲೂಕಿನ ನಾಗಲಮಡಿಕೆಯಲ್ಲಿ ಉತ್ತರ ಪಿನಾಕಿನಿ ನದಿ ತುಂಬಿ ಹರಿದದ್ದನ್ನು ಕಾಣದೆ ಬೆಳೆದ ಮಕ್ಕಳಿದ್ದಾರೆ. 2021, 2022ರ ಮಳೆಗೆ ಕೆರೆಗಳು ಕೋಡಿ ಬಿದ್ದಾಗ ಅಂಥವರೇ ನೀರು ನೋಡಲು ಓಡಿದರು. ಹಳ್ಳಿಯಲ್ಲಿ ಬೆಳೆದ ಅಪ್ಪನಿಗೆ ಗೊತ್ತಿದ್ದ ಈಜು ಮಗನಿಗೆ ಗೊತ್ತಿಲ್ಲ.

ಬೆಂಗಳೂರಿನ ನಿಶಾ ಮಿಲ್ಲೆಟ್ ಐದನೇ ವಯಸ್ಸಿನಲ್ಲಿ ಕೊಳದಲ್ಲಿ ಮುಳುಗುವುದರಲ್ಲಿದ್ದರು. ಈಜು ಕಲಿಯಲೇಬೇಕೆಂದು ಅಪ್ಪ ಹಟ ಹಿಡಿದರು. ಅದೇ ಹುಡುಗಿ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಈಜಿದರು. ನಮ್ಮ ಮಕ್ಕಳೆಲ್ಲ ಸಿಡ್ನಿಗೆ ಹೋಗಬೇಕಿಲ್ಲ, ದಡಕ್ಕೆ ಬಂದರೆ ಸಾಕು.

ಈಗಿನ ದೊಡ್ಡ ಅಪಾಯ ಕೃಷಿ ಹೊಂಡ. ಇಳಿಜಾರಿನ ಬದಿಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಒದ್ದೆಯಾದರೆ ಎಣ್ಣೆಯಂತೆ ಜಾರುತ್ತದೆ. ಈಜು ಬಲ್ಲವನೂ ದಡ ಮುಟ್ಟಿ ಮೇಲೆ ಹತ್ತಲಾಗದೆ ಸೋಲುತ್ತಾನೆ, ಎತ್ತಲು ಇಳಿದವನೂ ಜಾರುತ್ತಾನೆ. ಸುತ್ತ ತಂತಿಬೇಲಿ ಇರಲೇಬೇಕು. ನಮ್ಮಣ್ಣ ತನ್ನ ಹೊಂಡಕ್ಕೆ ನಾಲ್ಕೂ ಬದಿಯಲ್ಲಿ ಕಬ್ಬಿಣದ ಗೂಟ ಹೊಡೆದು ಹಗ್ಗ ಇಳಿಬಿಟ್ಟಿದ್ದಾನೆ. ಮಗುವಿನ ಕೈಗೆ ಹಿಡಿತ ಸಿಗಲೆಂದು ಗೇಣಿಗೊಂದು ಗಂಟು.