ಗುಲ್‌ಮೊಹರ್: ಎಲ್ಲಿ ನೆಡಬೇಕು, ಏಕೆ?

ಏಪ್ರಿಲ್, ಮೇ ತಿಂಗಳುಗಳ ಸುಡುಬಿಸಿಲಿನಲ್ಲಿ ಕೆಂಡದ ರಾಶಿಯಂತೆ ಹೂದಳೆದು ನಿಲ್ಲುವ ಗುಲ್‌ಮೊಹರ್ ಮರವನ್ನು ನೋಡದವರು ನಮ್ಮ ನಾಡಿನಲ್ಲಿ ವಿರಳ. ಕೆಂಪು ತುರಾಯಿ, ಕತ್ತಿಕಾಯಿ ಮರ ಎಂಬ ಹೆಸರುಗಳೂ ಇದಕ್ಕುಂಟು. ಇಷ್ಟು ಪರಿಚಿತವಾದ ಈ ಮರದ ತವರು ದೂರದ ಮಡಗಾಸ್ಕರ್ ದ್ವೀಪ. ಸಸ್ಯವಿಜ್ಞಾನಿ ಬೋಯರ್ ಅಲ್ಲಿ ಕಂಡ ಈ ಮರದ ವರ್ಣನೆಯು 1829ರಲ್ಲಿ ಪ್ರಕಟವಾಯಿತು. ಇದನ್ನು ಬೆಳೆಸುವುದು ಸುಲಭ. ತಕ್ಕ ಎಡೆಯಲ್ಲಿ ಬೆಳೆಸುವುದಕ್ಕೆ ಮಾತ್ರ ವಿವೇಚನೆ ಬೇಕು.

ಮೊದಲು ಬೀಜದ ವಿಚಾರ. 30ರಿಂದ 60 ಸೆಂಟಿಮೀಟರ್ ಉದ್ದದ, ಕತ್ತಿಯನ್ನು ಹೋಲುವ ಕಾಯಿಯೊಳಗೆ ಬೀಜಗಳು ಸಾಲಾಗಿ ಅಡಗಿರುತ್ತವೆ. ಬೀಜದ ಹೊರಸಿಪ್ಪೆಯು ನೀರನ್ನು ಒಳಬಿಡದಷ್ಟು ಗಡುಸಾದುದು. ಆದುದರಿಂದ ಬೀಜದ ಒಂದು ಪಕ್ಕವನ್ನು ಒರಟು ಕಲ್ಲಿನ ಮೇಲೆ ತುಸು ತೇದು, ಒಂದು ರಾತ್ರಿ ನೀರಿನಲ್ಲಿ ನೆನೆಹಾಕಬೇಕು. ನೀರು ಹೊಕ್ಕ ಬೀಜವು ಉಬ್ಬುತ್ತದೆ. ಉಬ್ಬದಿದ್ದರೆ ಸಿಪ್ಪೆ ಇನ್ನೂ ತೆರೆದಿಲ್ಲವೆಂದು ತಿಳಿದು ಮತ್ತೊಮ್ಮೆ ತೇಯಬೇಕು.

ಇನ್ನು ಸ್ಥಳದ ವಿಚಾರ. ಈ ಮರದ ಬೇರುಗಳು ಆಳಕ್ಕಿಳಿಯುವುದಕ್ಕಿಂತ ಹೆಚ್ಚಾಗಿ ನೆಲದ ಮೇಲ್ಪದರದಲ್ಲಿಯೇ ಸುತ್ತಲೂ ಹರಡುತ್ತವೆ. ಕೊಂಬೆಗಳೂ ಕೊಡೆಯಂತೆ ಅಗಲವಾಗಿ ಚಾಚುತ್ತವೆ. ಮರ ಅಷ್ಟೇನೂ ಗಟ್ಟಿಯಲ್ಲ. ಬಿರುಗಾಳಿಯಲ್ಲಿ ಇದರ ಪರಿಣಾಮವೇನೆಂಬುದನ್ನು ಆಲೋಚಿಸೋಣ. ಗಾಳಿಯ ಬಲವು ಅದರ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ವೇಗ ಎರಡರಷ್ಟಾದರೆ ಬಲವು ನಾಲ್ಕರಷ್ಟಾಗುತ್ತದೆ. ಆ ಬಲವು ನೆಲದಿಂದ ಬಹಳ ಎತ್ತರದಲ್ಲಿರುವ ಕೊಡೆಯ ಮೇಲೆ ಬೀಳುವುದರಿಂದ, ಕಾಂಡವು ಉದ್ದವಾದ ಸನ್ನೆಗೋಲಿನಂತೆ ಬುಡವನ್ನು ಮೀಟುತ್ತದೆ. ಅದನ್ನು ತಡೆಯುವ ಹೊಣೆ ಹರಡಿದ ಬೇರುಗಳದು. ರಸ್ತೆ ಅಥವಾ ಚರಂಡಿಯ ಕೆಲಸಕ್ಕಾಗಿ ಒಂದು ಪಕ್ಕದ ಬೇರುಗಳನ್ನು ಕಡಿದರೆ, ಆ ಪಕ್ಕದ ಹಿಡಿತವೇ ಇಲ್ಲವಾಗುತ್ತದೆ. ಮುಂಗಾರಿಗೆ ಮುನ್ನ ಬೀಸುವ ಗಾಳಿಮಳೆಗಳು ಮರವು ಹೂವು ಚಿಗುರುಗಳಿಂದ ತುಂಬಿರುವ ಕಾಲಕ್ಕೇ ಬರುತ್ತವೆ. ನೆನೆದ ಮಣ್ಣು ಆಗ ಸಡಿಲವಾಗಿರುತ್ತದೆ. ಮರ ಉರುಳಿ ದಾರಿಹೋಕರ ಜೀವಕ್ಕೆ ಅಪಾಯವಾಗುವ ಸಂಭವ ಇಂತಹ ವೇಳೆಯಲ್ಲಿಯೇ ಹೆಚ್ಚು.

ಆದುದರಿಂದ ಗುಲ್‌ಮೊಹರನ್ನು ಇಕ್ಕಟ್ಟಾದ ಬೀದಿಯ ಅಂಚಿನಲ್ಲಾಗಲಿ, ವಿದ್ಯುತ್ ತಂತಿಯ ಕೆಳಗಾಗಲಿ ನೆಡಬಾರದು. ಕಟ್ಟಡ, ಗೋಡೆ, ಚರಂಡಿಗಳಿಂದ ಹತ್ತು ಮೀಟರಿನಷ್ಟಾದರೂ ದೂರದಲ್ಲಿ, ದಿನವಿಡೀ ಬಿಸಿಲು ಬೀಳುವ, ನೀರು ನಿಲ್ಲದ ಬಯಲನ್ನು ಆರಿಸಬೇಕು. ಶಾಲೆಯ ವಿಶಾಲವಾದ ಮೈದಾನದ ಒಂದು ಮೂಲೆ, ಊರ ಉದ್ಯಾನ, ಕೆರೆಯ ಬಳಿಯ ಎತ್ತರದ ನೆಲ ಇವು ತಕ್ಕ ಎಡೆಗಳು. ಬುಡದ ಸುತ್ತ ಸಿಮೆಂಟು ಹಾಕದೆ ಮಣ್ಣನ್ನು ತೆರೆದಿಡಬೇಕು. ಎಳೆಯ ಗಿಡಕ್ಕೆ ಮೊದಲೆರಡು ಬೇಸಗೆಗಳಲ್ಲಿ ನೀರೆರೆದರೆ ಸಾಕು. ಆಮೇಲೆ ಅದು ಬರವನ್ನು ತಾನೇ ತಾಳಿಕೊಳ್ಳುತ್ತದೆ.

ಬೀಜದಿಂದ ಬೆಳೆದ ಗಿಡವು ಹೂಬಿಡಲು ಐದು ವರ್ಷಗಳೋ, ಇನ್ನೂ ಹೆಚ್ಚೋ ಬೇಕಾಗಬಹುದು. ಇಂದು ಬೀಜ ನೆನೆಹಾಕುವ ವಿದ್ಯಾರ್ಥಿಯು ಆ ವೇಳೆಗೆ ಶಾಲೆಯನ್ನು ಬಿಟ್ಟುಹೋಗಿರಬಹುದು. ಆದರೆ ಮುಂದೆ ಅದರ ನೆರಳಿನಲ್ಲಿ ಕೂರುವವರ ಕ್ಷೇಮವನ್ನು, ಇಂದು ಗುಂಡಿ ತೋಡುವ ಮುನ್ನ ಅವನು ಅಳೆದುನೋಡುವ ಆ ಹತ್ತು ಮೀಟರುಗಳೇ ಬಹುಮಟ್ಟಿಗೆ ನಿರ್ಧರಿಸುತ್ತವೆ.